ಲ್ಯಾಕ್ಟೋಮೀಟರ್ ಹೇಳುವುದೇನು, ಹೇಳದಿರುವುದೇನು? ಹಾಲಿನ ಸಾಂದ್ರತೆಯ ಲೆಕ್ಕ

ಸಂಘದಲ್ಲಿ ಹಾಲು ಹಾಕಿ ಚೀಟಿ ಕೈಗೆ ಬಂದ ಕೂಡಲೇ ಉತ್ಪಾದಕರ ಕಣ್ಣು ಹೋಗುವುದು ಹಣದ ಅಂಕಣಕ್ಕೆ. ಆ ಹಣವನ್ನು ನಿರ್ಧರಿಸುವ ಅಂಕಿಗಳು ಅದರ ಪಕ್ಕದಲ್ಲೇ ಇರುತ್ತವೆ: ಪ್ರಮಾಣ, ಜಿಡ್ಡು, ಸಿಎಲ್‌ಆರ್, ಎಸ್‌ಎನ್‌ಎಫ್. ಜಿಡ್ಡು ಎಂದರೇನೆಂದು ಎಲ್ಲರಿಗೂ ಗೊತ್ತು. ಆದರೆ ಸಿಎಲ್‌ಆರ್ ಎಂಬುದು ಎಲ್ಲಿಂದ ಬಂತು, ಅದರಿಂದ ಎಸ್‌ಎನ್‌ಎಫ್ ಹೇಗೆ ಹುಟ್ಟಿತು ಎಂದು ಕೇಳಿದರೆ ಹೆಚ್ಚಿನವರು ‘ಮಿಷನ್ ಹೇಳಿದ್ದು’ ಎನ್ನುತ್ತಾರೆ.

ಹಳ್ಳಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ. ‘ಒಂದು ತೊಟ್ಟು ನೀರು ಹಾಕಿಲ್ಲ, ಆದರೂ ಎಸ್‌ಎನ್‌ಎಫ್ ಕಡಿಮೆ ಬಂತು, ನೀರು ಹಾಕಿದ್ದೀರಿ ಎಂದು ಹತ್ತು ಜನರ ಮುಂದೆ ಹೇಳಿದರು.’ ಇಂಥ ಮಾತಿನಿಂದ ಹಣದ ಜೊತೆಗೆ ಮರ್ಯಾದೆಯೂ ಹೋಗುತ್ತದೆ. ಇನ್ನೊಂದು ಕಡೆ, ನಿಜವಾಗಿಯೂ ನೀರು ಬೆರೆಸಿದ ಹಾಲು ಕೆಲವೊಮ್ಮೆ ಲ್ಯಾಕ್ಟೋಮೀಟರಿನಲ್ಲಿ ಸಲೀಸಾಗಿ ಪಾಸಾಗುವುದೂ ಉಂಟು. ಇವೆರಡೂ ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ‘ಸಾಂದ್ರತೆ’ ಎಂಬ ಒಂದು ವಿಷಯ ಅರ್ಥವಾಗಬೇಕು. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು, ಈ ಲೆಕ್ಕ ಯಾರಿಗೂ ಕಷ್ಟವಲ್ಲ.

ಸಾಂದ್ರತೆ ಎಂದರೇನು?

ಒಂದು ಸೇರು ರಾಗಿ, ಅದೇ ಸೇರಿನಲ್ಲಿ ಅಳೆದ ಒಂದು ಸೇರು ಬೂಸಾ. ಅಳತೆ ಒಂದೇ, ಆದರೆ ತಕ್ಕಡಿಗೆ ಹಾಕಿದರೆ ರಾಗಿಯೇ ಭಾರ. ಒಂದೇ ಜಾಗದಲ್ಲಿ ಎಷ್ಟು ತೂಕ ಹಿಡಿಸುತ್ತದೆ ಎಂಬುದೇ ಸಾಂದ್ರತೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ:

ಸಾಂದ್ರತೆ = ತೂಕ ÷ ಗಾತ್ರ

ತೂಕವನ್ನು ಕಿಲೋಗ್ರಾಂನಲ್ಲಿ, ಗಾತ್ರವನ್ನು ಲೀಟರ್‌ನಲ್ಲಿ ತೆಗೆದುಕೊಂಡರೆ ನಮ್ಮ ಕೆಲಸಕ್ಕೆ ಸರಿಹೋಗುತ್ತದೆ. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗುತ್ತದೆ. ಆದ್ದರಿಂದ ನೀರಿನ ಸಾಂದ್ರತೆ 1. ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದವನ್ನು ಹೋಲಿಸಬಹುದು. ಮಂಜುಗಡ್ಡೆ ಸುಮಾರು 0.92, ಹಾಗಾಗಿ ನೀರಿನ ಮೇಲೆ ತೇಲುತ್ತದೆ. ಹಾಲಿನ ಜಿಡ್ಡು ಸುಮಾರು 0.93, ಅದಕ್ಕೇ ಕೆನೆ ಮೇಲೆ ಕಟ್ಟುತ್ತದೆ. ಜೇನುತುಪ್ಪ ಸುಮಾರು 1.4, ಕಬ್ಬಿಣ ಸುಮಾರು 7.9, ಪಾದರಸ 13.6.

ಹಾಲಿನ ಸಾಂದ್ರತೆ ಸಾಮಾನ್ಯವಾಗಿ 1.027ರಿಂದ 1.033ರ ನಡುವೆ ಇರುತ್ತದೆ. ಅಂದರೆ ಒಂದು ಲೀಟರ್ ಹಾಲು 1,027ರಿಂದ 1,033 ಗ್ರಾಂ ತೂಗುತ್ತದೆ. ನೀರಿಗಿಂತ ಲೀಟರಿಗೆ ಬರೀ 30 ಗ್ರಾಂ ಆಸುಪಾಸು ಹೆಚ್ಚು. ಹಾಲಿನ ಗುಣಮಟ್ಟದ ಚರ್ಚೆ, ದರ, ಜಗಳ ಎಲ್ಲವೂ ಈ 30 ಗ್ರಾಂನ ಸುತ್ತಲೇ ನಡೆಯುತ್ತವೆ.

‘ಗಟ್ಟಿ ಹಾಲು’ ಬೇರೆ, ಸಾಂದ್ರ ಹಾಲು ಬೇರೆ

ಹಾಲನ್ನು ಒಂದೇ ವಸ್ತು ಎಂದುಕೊಳ್ಳದೆ ಮೂರು ಪಾಲು ಮಾಡಿ ನೋಡೋಣ. ಒಂದು, ನೀರು. ಎರಡು, ಜಿಡ್ಡು. ಮೂರು, ಜಿಡ್ಡನ್ನು ಬಿಟ್ಟು ಉಳಿದ ಘನಾಂಶ, ಅಂದರೆ ಪ್ರೋಟೀನ್, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ಲವಣಗಳು. ಈ ಮೂರನೆಯ ಪಾಲನ್ನೇ ನಾವು ಜಿಡ್ಡೇತರ ಘನಾಂಶ ಅಥವಾ ಎಸ್‌ಎನ್‌ಎಫ್ ಎನ್ನುತ್ತೇವೆ.

ನೀರಿನ ಸಾಂದ್ರತೆ 1. ಜಿಡ್ಡಿನದು 0.93, ನೀರಿಗಿಂತ ಹಗುರ. ಎಸ್‌ಎನ್‌ಎಫ್‌ನದು ಸುಮಾರು 1.6, ನೀರಿಗಿಂತ ಬಹಳ ಭಾರ. ಹೀಗಾಗಿ ಹಾಲಿನೊಳಗೆ ಯಾವಾಗಲೂ ಒಂದು ಜಗ್ಗಾಟ ನಡೆದಿರುತ್ತದೆ. ಎಸ್‌ಎನ್‌ಎಫ್ ಸಾಂದ್ರತೆಯನ್ನು ಮೇಲಕ್ಕೆ ಏರಿಸುತ್ತದೆ, ಜಿಡ್ಡು ಕೆಳಕ್ಕೆ ಇಳಿಸುತ್ತದೆ.

ಲೆಕ್ಕ ಹಾಕಿಯೇ ನೋಡಿ. 100 ಕಿಲೋ ಹಾಲಿನಲ್ಲಿ 3.5 ಕಿಲೋ ಜಿಡ್ಡು, 8.5 ಕಿಲೋ ಎಸ್‌ಎನ್‌ಎಫ್, ಉಳಿದ 88 ಕಿಲೋ ನೀರು ಇದೆ ಎನ್ನೋಣ.

ಜಿಡ್ಡು ಹಿಡಿಯುವ ಜಾಗ: 3.5 ÷ 0.93 = 3.76 ಲೀಟರ್
ಎಸ್‌ಎನ್‌ಎಫ್ ಹಿಡಿಯುವ ಜಾಗ: 8.5 ÷ 1.6 = 5.31 ಲೀಟರ್
ನೀರು ಹಿಡಿಯುವ ಜಾಗ: 88 ÷ 1 = 88 ಲೀಟರ್
ಒಟ್ಟು: 97.07 ಲೀಟರ್
ಹಾಲಿನ ಸಾಂದ್ರತೆ: 100 ÷ 97.07 = 1.030

ಇದರಿಂದ ಒಂದು ಹಳೆಯ ಗೊಂದಲ ಬಗೆಹರಿಯುತ್ತದೆ. ಎಮ್ಮೆ ಹಾಲು ‘ಗಟ್ಟಿ’, ಹಾಗಾದರೆ ಲ್ಯಾಕ್ಟೋಮೀಟರಿನಲ್ಲಿ ಬಹಳ ಹೆಚ್ಚು ಬರಬೇಕಲ್ಲ ಎಂದು ಹಲವರು ಕೇಳುತ್ತಾರೆ. ಎಮ್ಮೆ ಹಾಲಿನಲ್ಲಿ ಎಸ್‌ಎನ್‌ಎಫ್ ಹೆಚ್ಚು, ನಿಜ. ಆದರೆ ಜಿಡ್ಡೂ ಆರೇಳು ಅಂಶ ಇರುತ್ತದೆ, ಅದು ರೀಡಿಂಗನ್ನು ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಎಮ್ಮೆ ಹಾಲಿನ ರೀಡಿಂಗ್ ಹಸುವಿನ ಹಾಲಿನ ಹತ್ತಿರವೇ ಬರಬಹುದು. ಕೆನೆಯನ್ನೇ ನೋಡಿ, ಹಾಲಿಗಿಂತ ಎಷ್ಟೋ ಮಂದ, ಆದರೂ ಹಾಲಿನ ಮೇಲೆ ತೇಲುತ್ತದೆ. ಮಂದ ಎಂಬುದು ಹರಿಯುವ ಗುಣಕ್ಕೆ ಸಂಬಂಧಿಸಿದ್ದು, ಸಾಂದ್ರತೆ ಎಂಬುದು ತೂಕಕ್ಕೆ ಸಂಬಂಧಿಸಿದ್ದು.

ಗಿಣ್ಣು ಹಾಲು ಮಾತ್ರ ಇದಕ್ಕೆ ಹೊರತು. ಅದರಲ್ಲಿ ಪ್ರೋಟೀನ್ ವಿಪರೀತ ಇರುವುದರಿಂದ ಸಾಂದ್ರತೆ 1.050ರ ಆಸುಪಾಸಿಗೆ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಅದು ಕರುವಿನ ಪಾಲು. ಸಂಘದ ಹಾಲಿಗೆ ಬೆರೆಸಿದರೆ ಕಾಯಿಸುವಾಗ ಒಡೆಯುತ್ತದೆ.

ಲ್ಯಾಕ್ಟೋಮೀಟರ್ ಹೇಗೆ ಕೆಲಸ ಮಾಡುತ್ತದೆ?

ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ. ಇದು 2,200 ವರ್ಷಗಳಿಗೂ ಹಿಂದೆ ಸಿಸಿಲಿಯ ಸಿರಾಕ್ಯೂಸ್‌ನಲ್ಲಿದ್ದ ಆರ್ಕಿಮಿಡಿಸ್ ಕಂಡುಕೊಂಡ ನಿಯಮ. ಲ್ಯಾಕ್ಟೋಮೀಟರ್ ಇದೇ ನಿಯಮದ ಮೇಲೆ ನಿಂತಿದೆ. ಗಾಜಿನ ಬುರುಡೆ, ಅದರ ತಳದಲ್ಲಿ ಭಾರ, ಮೇಲೆ ಗುರುತುಗಳಿರುವ ಸಣ್ಣ ಕೊಳವೆ, ಇಷ್ಟೇ. ದ್ರವ ಭಾರವಾಗಿದ್ದರೆ ಸ್ವಲ್ಪ ದ್ರವವನ್ನು ಸರಿಸಿದರೂ ಸಾಕು, ಲ್ಯಾಕ್ಟೋಮೀಟರ್ ಮೇಲೆ ತೇಲುತ್ತದೆ. ದ್ರವ ಹಗುರವಾಗಿದ್ದರೆ ಹೆಚ್ಚು ಸರಿಸಬೇಕು, ಕೆಳಗೆ ಮುಳುಗುತ್ತದೆ.

ಅದರ ಮೇಲಿನ ಅಂಕಿ ಓದುವ ಬಗೆ ಸುಲಭ. ರೀಡಿಂಗ್ 28 ಎಂದರೆ ಸಾಂದ್ರತೆ 1.028. ರೀಡಿಂಗ್ 30 ಎಂದರೆ 1.030. ಶುದ್ಧ ನೀರಿನಲ್ಲಿ 0. ಅಂದರೆ ಲ್ಯಾಕ್ಟೋಮೀಟರಿನ ಒಂದು ಗೆರೆ ಲೀಟರಿಗೆ ಒಂದು ಗ್ರಾಂಗೆ ಸಮ.

ಬಿಸಿ ಹಾಲಿನ ರೀಡಿಂಗ್: ಹೆಚ್ಚು ನಷ್ಟವಾಗುವುದು ಇಲ್ಲೇ

ಬಿಸಿಯಾದರೆ ಹಾಲು ಹಿಗ್ಗುತ್ತದೆ. ತೂಕ ಅಷ್ಟೇ, ಜಾಗ ಹೆಚ್ಚು, ಆದ್ದರಿಂದ ಸಾಂದ್ರತೆ ಇಳಿಯುತ್ತದೆ. ಕೆಚ್ಚಲಿನಿಂದ ಬರುವ ಹಾಲು ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಕೊಟ್ಟಿಗೆ ಸಂಘದ ಪಕ್ಕದಲ್ಲೇ ಇದ್ದರೆ ಆ ಬಿಸಿ ಹೆಚ್ಚು ಆರದೆ ಹಾಲು ಕೌಂಟರಿಗೆ ಬರುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವ ಲ್ಯಾಕ್ಟೋಮೀಟರುಗಳನ್ನು ಸಾಮಾನ್ಯವಾಗಿ 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿ ಗುರುತು ಮಾಡಿರುತ್ತಾರೆ. ಹಾಲು ಅದಕ್ಕಿಂತ ಬಿಸಿಯಿದ್ದರೆ ಪ್ರತಿ ಒಂದು ಡಿಗ್ರಿಗೆ ಸುಮಾರು 0.2ರಂತೆ ರೀಡಿಂಗಿಗೆ ಕೂಡಿಸಬೇಕು. ತಣ್ಣಗಿದ್ದರೆ ಅಷ್ಟೇ ಕಳೆಯಬೇಕು. ಹೀಗೆ ಸರಿಪಡಿಸಿದ ರೀಡಿಂಗಿಗೆ ಸಿಎಲ್‌ಆರ್ ಎಂದು ಹೆಸರು. 60 ಡಿಗ್ರಿ ಫ್ಯಾರನ್‌ಹೀಟ್‌ಗೆ ಗುರುತು ಮಾಡಿದ ಹಳೆಯ ಲ್ಯಾಕ್ಟೋಮೀಟರುಗಳೂ ಇವೆ. ಅವಕ್ಕೆ ಪ್ರತಿ ಫ್ಯಾರನ್‌ಹೀಟ್ ಡಿಗ್ರಿಗೆ 0.1ರಂತೆ ತಿದ್ದುಪಡಿ. ಉಪಕರಣದ ಕೊಳವೆಯ ಮೇಲೆ ಯಾವ ತಾಪಮಾನ ಬರೆದಿದೆಯೋ ಅದಕ್ಕೆ ತಕ್ಕ ತಿದ್ದುಪಡಿ ಪಟ್ಟಿಯನ್ನೇ ಬಳಸಬೇಕು.

ಸಿಎಲ್‌ಆರ್ ಸಿಕ್ಕ ಮೇಲೆ ಎಸ್‌ಎನ್‌ಎಫ್ ಲೆಕ್ಕ. ಸಾಂದ್ರತೆ ಮತ್ತು ಜಿಡ್ಡು ಎರಡೂ ಗೊತ್ತಿದ್ದರೆ ಮೂರನೆಯದನ್ನು ಲೆಕ್ಕದಿಂದಲೇ ತೆಗೆಯಬಹುದು ಎಂಬ ದಾರಿಯನ್ನು 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ರಿಚ್ಮಂಡ್ ಮೊದಲಾದ ಹಾಲು ರಸಾಯನ ತಜ್ಞರು ಸರಳ ಸೂತ್ರವಾಗಿ ಇಳಿಸಿದರು. 27 ಡಿಗ್ರಿಯ ಲ್ಯಾಕ್ಟೋಮೀಟರಿಗೆ ನಮ್ಮ ದೇಶದ ಮಾನಕ ಸೂತ್ರ ಹೀಗಿದೆ:

ಎಸ್‌ಎನ್‌ಎಫ್ = (ಸಿಎಲ್‌ಆರ್ ÷ 4) + (0.25 × ಜಿಡ್ಡು) + 0.44

ಕೆಲವು ಕಡೆ ಕೊನೆಯ ಅಂಕಿಗಳು ಸ್ವಲ್ಪ ಬೇರೆ ಇರುತ್ತವೆ. ನಿಮ್ಮ ಸಂಘದಲ್ಲಿ ಯಾವ ಸೂತ್ರ ಬಳಸುತ್ತಾರೆ ಎಂದು ಕಾರ್ಯದರ್ಶಿಯವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಈಗ ಒಂದು ಉದಾಹರಣೆ. ಹಾಲಿನ ಜಿಡ್ಡು 3.8. ಲ್ಯಾಕ್ಟೋಮೀಟರ್ ರೀಡಿಂಗ್ 27. ಹಾಲಿನ ತಾಪಮಾನ 33 ಡಿಗ್ರಿ.

ತಾಪಮಾನ 6 ಡಿಗ್ರಿ ಹೆಚ್ಚು: 6 × 0.2 = 1.2
ಸಿಎಲ್‌ಆರ್: 27 + 1.2 = 28.2
ಎಸ್‌ಎನ್‌ಎಫ್: (28.2 ÷ 4) + (0.25 × 3.8) + 0.44 = 7.05 + 0.95 + 0.44 = 8.44

ಅದೇ ಹಾಲಿಗೆ ತಾಪಮಾನ ನೋಡದೆ 27ನ್ನೇ ಹಿಡಿದರೆ 6.75 + 0.95 + 0.44 = 8.14 ಬರುತ್ತದೆ.

ಹಸುವಿನ ಹಾಲಿಗೆ ಆಹಾರ ಸುರಕ್ಷತಾ ನಿಯಮದ ಕನಿಷ್ಠ ಮಟ್ಟ ಜಿಡ್ಡು 3.2, ಎಸ್‌ಎನ್‌ಎಫ್ 8.3. ಅಂದರೆ ಒಂದೇ ಹಾಲು, ಒಂದೇ ಲ್ಯಾಕ್ಟೋಮೀಟರ್. ಥರ್ಮಾಮೀಟರ್ ಇಟ್ಟರೆ ಪಾಸು, ಇಡದಿದ್ದರೆ ನಪಾಸು. ಲ್ಯಾಕ್ಟೋಮೀಟರ್ ಇರುವ ಕಡೆ ಥರ್ಮಾಮೀಟರ್ ಇರಲೇಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಕರೆದ ಕೂಡಲೇ ಅಳೆಯುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ಆಗ ತಾನೇ ಕರೆದ ಹಾಲಿನಲ್ಲಿ ಗಾಳಿಯ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಅವು ಹೋಗುವವರೆಗೆ, ಸುಮಾರು ಒಂದು ಗಂಟೆಯಾದರೂ, ರೀಡಿಂಗ್ ನಿಜಕ್ಕಿಂತ ಕಡಿಮೆ ಬರುತ್ತದೆ. ಹಾಲನ್ನು ಎತ್ತರದಿಂದ ಸುರಿದು ನೊರೆ ಎಬ್ಬಿಸಿದರೂ ಇದೇ ಕಥೆ. ಶಬ್ದತರಂಗದಿಂದ ಅಳೆಯುವ ಹೊಸ ಹಾಲು ಪರೀಕ್ಷಾ ಯಂತ್ರಗಳನ್ನೂ ಗಾಳಿಗುಳ್ಳೆ ದಾರಿ ತಪ್ಪಿಸುತ್ತದೆ.

ನೀರು ಬಿದ್ದರೆ ಅಂಕಿ ಎಷ್ಟು ಇಳಿಯುತ್ತದೆ?

10 ಲೀಟರ್ ಒಳ್ಳೆಯ ಹಾಲು, ಸಿಎಲ್‌ಆರ್ 29, ಜಿಡ್ಡು 3.8. ಅದರ ತೂಕ 10.29 ಕಿಲೋ, ಎಸ್‌ಎನ್‌ಎಫ್ 8.64. ಇದಕ್ಕೆ ಒಂದು ಲೀಟರ್ ನೀರು ಸೇರಿಸಿದರೆ ತೂಕ 11.29 ಕಿಲೋ, ಗಾತ್ರ 11 ಲೀಟರ್. 11.29 ÷ 11 = 1.0264. ಸಿಎಲ್‌ಆರ್ 26.4ಕ್ಕೆ ಇಳಿಯಿತು. ಜಿಡ್ಡು 3.46ಕ್ಕೆ, ಎಸ್‌ಎನ್‌ಎಫ್ 7.9ಕ್ಕೆ ಬಂತು. ಅಳತೆ ಒಂದು ಲೀಟರ್ ಹೆಚ್ಚಿದರೂ ಹಾಲು ತಿರಸ್ಕಾರಗೊಳ್ಳುವ ಮಟ್ಟಕ್ಕೆ ಇಳಿಯಿತು.

ಬೇಕೆಂದೇ ನೀರು ಬೆರೆಸುವವರ ಲೆಕ್ಕ ಅದು. ಗೊತ್ತಿಲ್ಲದೆ ಬೀಳುವ ನೀರನ್ನೂ ನೋಡಿ. ಕ್ಯಾನು ತೊಳೆದು ಬೋರಲು ಹಾಕದೆ ಹಾಗೇ ಹಾಲು ಸುರಿಯುವುದು, ಹಾಲು ಕರೆಯುವ ಯಂತ್ರದ ಪೈಪಿನಲ್ಲಿ ತೊಳೆದ ನೀರು ಉಳಿಯುವುದು, ಒದ್ದೆ ಕೆಚ್ಚಲನ್ನು ಒರೆಸದೆ ಕರೆಯುವುದು, ಇವೆಲ್ಲ ಸೇರಿ 5 ಲೀಟರ್ ಹಾಲಿಗೆ 100 ಮಿಲಿಲೀಟರ್ ನೀರು ಸೇರಿತು ಎನ್ನೋಣ. ಒಂದು ಸಣ್ಣ ಲೋಟದಷ್ಟು. ಸಿಎಲ್‌ಆರ್ 28.5, ಜಿಡ್ಡು 3.6 ಇದ್ದ ಹಾಲಿನ ಎಸ್‌ಎನ್‌ಎಫ್ ಆಗ 8.46ರಿಂದ 8.3ಕ್ಕೆ ಇಳಿಯುತ್ತದೆ. ನೀರು ಹಾಕಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುವ ಮನೆಯಲ್ಲೂ ಹೀಗೆ ನಷ್ಟವಾಗುತ್ತಿರಬಹುದು. ಕ್ಯಾನನ್ನು ತೊಳೆದ ಮೇಲೆ ಬೋರಲು ಹಾಕಿ ಒಣಗಿಸಿ. ಕೆಚ್ಚಲನ್ನು ತೊಳೆದ ಮೇಲೆ ಒಣ ಬಟ್ಟೆಯಿಂದ ಒರೆಸಿ.

ಲ್ಯಾಕ್ಟೋಮೀಟರನ್ನು ಮೋಸಗೊಳಿಸಬಹುದು, ಲೆಕ್ಕವನ್ನಲ್ಲ

ಈಗ ಇನ್ನೊಂದು ಬದಿ. ಹಾಲಿನಿಂದ ಕೆನೆ ತೆಗೆದರೆ ಹಗುರವಾದ ಭಾಗ ಹೋಯಿತು, ಉಳಿದ ಹಾಲು ಭಾರವಾಯಿತು. ಪೂರ್ತಿ ಕೆನೆ ತೆಗೆದ ಹಾಲಿನ ರೀಡಿಂಗ್ 35ರ ಸುತ್ತಮುತ್ತ ಬರುತ್ತದೆ. ಅಂಥ 10 ಲೀಟರ್ ಹಾಲಿನ ತೂಕ 10.35 ಕಿಲೋ. ಅದಕ್ಕೆ 2 ಲೀಟರ್ ನೀರು ಸೇರಿದರೆ 12.35 ÷ 12 = 1.029. ರೀಡಿಂಗ್ 29!

ಲ್ಯಾಕ್ಟೋಮೀಟರ್ ಒಂದನ್ನೇ ನಂಬಿದವರಿಗೆ ಇದು ಅಪ್ಪಟ ಹಾಲು. ಆದರೆ ಜಿಡ್ಡಿನ ಪರೀಕ್ಷೆಯಲ್ಲಿ 0.1 ಕೂಡ ಬರುವುದಿಲ್ಲ, ಸೂತ್ರಕ್ಕೆ ಹಾಕಿದರೆ ಎಸ್‌ಎನ್‌ಎಫ್ 7.75ರ ಆಸುಪಾಸು. ಮೊದಲ ಉದಾಹರಣೆಯ ಒಳ್ಳೆಯ ಹಾಲಿನ ಸಿಎಲ್‌ಆರ್ ಕೂಡ 29 ಇತ್ತು, ಅದರ ಎಸ್‌ಎನ್‌ಎಫ್ 8.64. ಒಂದೇ ರೀಡಿಂಗ್, ಎರಡು ಬೇರೆ ಬೇರೆ ಹಾಲು.

ಸಕ್ಕರೆ, ಉಪ್ಪು ಮುಂತಾದವನ್ನು ಕರಗಿಸಿ ರೀಡಿಂಗ್ ಏರಿಸುವ ಕೆಟ್ಟ ಚಾಳಿಯೂ ಇದೆ. ಅದು ಶಿಕ್ಷಾರ್ಹ ಅಪರಾಧ, ಕುಡಿಯುವವರ ಆರೋಗ್ಯಕ್ಕೂ ಹಾನಿ. ಪ್ರತಿಯೊಂದಕ್ಕೂ ಪ್ರತ್ಯೇಕ ರಾಸಾಯನಿಕ ಪರೀಕ್ಷೆಗಳಿದ್ದು, ಶೀತಲೀಕರಣ ಕೇಂದ್ರ ಮತ್ತು ಡೇರಿಯಲ್ಲಿ ಅವನ್ನು ಮಾಡುತ್ತಾರೆ. ಒಬ್ಬರು ಮಾಡಿದ ತಪ್ಪಿಗೆ ಇಡೀ ಸಂಘದ ಹಾಲು ತಿರಸ್ಕಾರವಾಗುತ್ತದೆ ಎಂಬುದನ್ನು ಮರೆಯಬಾರದು.

ಜಿಡ್ಡಿನ ಪರೀಕ್ಷೆಯೂ ಸಾಂದ್ರತೆಯ ಆಟವೇ. ಸ್ವಿಟ್ಜರ್ಲೆಂಡಿನ ಗರ್ಬರ್ 1891ರ ಸುಮಾರಿಗೆ ರೂಪಿಸಿದ ವಿಧಾನದಲ್ಲಿ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಾರೆ. ಆಮ್ಲ ಪ್ರೋಟೀನನ್ನು ಕರಗಿಸುತ್ತದೆ. ತಿರುಗುವಾಗ ಭಾರವಾದುದು ಹೊರಕ್ಕೆ, ಹಗುರವಾದ ಜಿಡ್ಡು ಒಳಕ್ಕೆ ಸರಿದು ಗುರುತಿರುವ ಕೊಳವೆಯಲ್ಲಿ ನಿಲ್ಲುತ್ತದೆ.

ಜಿಡ್ಡು ಹಗುರ ಎಂಬ ಕಾರಣಕ್ಕೇ ಮಾದರಿ ತೆಗೆಯುವ ಮೊದಲು ಹಾಲನ್ನು ಚೆನ್ನಾಗಿ ಕಲಕಬೇಕು. ನಿಂತ ಕ್ಯಾನಿನ ಮೇಲ್ಭಾಗದಿಂದ ತೆಗೆದರೆ ಜಿಡ್ಡು ಹೆಚ್ಚು, ರೀಡಿಂಗ್ ಕಡಿಮೆ. ತಳದಿಂದ ತೆಗೆದರೆ ತಿರುವುಮುರುವು. ಎರಡೂ ಸುಳ್ಳು. ನೊರೆ ಏಳದ ಹಾಗೆ, ಮೇಲಿಂದ ಕೆಳಕ್ಕೆ ಕಲಕಿ ತೆಗೆಯಿರಿ ಎಂದು ಪರೀಕ್ಷಕರಿಗೆ ಹೇಳುವ ಹಕ್ಕು ನಿಮಗಿದೆ.

ಕಿಲೋ ಮತ್ತು ಲೀಟರ್: ಶೇಕಡಾ 3ರ ವ್ಯತ್ಯಾಸ

ಒಂದು ಲೀಟರ್ ಹಾಲು ಸುಮಾರು 1.03 ಕಿಲೋ. ಇದನ್ನು ನೆನಪಿಟ್ಟರೆ ಎರಡು ಸೂತ್ರ ಸಾಕು:

ಲೀಟರ್ × 1.03 = ಕಿಲೋ
ಕಿಲೋ ÷ 1.03 = ಲೀಟರ್

ತಕ್ಕಡಿಯಲ್ಲಿ 10.3 ಕಿಲೋ ಬಂದರೆ ಅದು 10 ಲೀಟರ್. ದರವೂ ಹಾಗೆಯೇ. ಉದಾಹರಣೆಗೆ ಲೀಟರಿಗೆ 35 ರೂಪಾಯಿ ಎಂದರೆ ಕಿಲೋಗೆ ಸುಮಾರು 34 ರೂಪಾಯಿ. ಎರಡೂ ಒಂದೇ, ಯಾರಿಗೂ ನಷ್ಟವಿಲ್ಲ. ನಷ್ಟವಾಗುವುದು ಎರಡನ್ನೂ ಬೆರೆಸಿದಾಗ. ಲೀಟರ್ ಅಳತೆಯಲ್ಲಿ ಹಾಲು ಪಡೆದು ಅಷ್ಟೇ ಕಿಲೋ ಎಂದು ಬರೆದು ಕಿಲೋ ದರ ಕೊಟ್ಟರೆ, ದಿನಕ್ಕೆ 20 ಲೀಟರ್ ಹಾಕುವವರಿಗೆ 0.6 ಕಿಲೋ ಹೋಯಿತು. ತಿಂಗಳಿಗೆ 18 ಕಿಲೋ, ಮೇಲಿನ ದರದಲ್ಲಿ 612 ರೂಪಾಯಿ. ಇದಕ್ಕೆ ತಿರುಗಿ, ಕಿಲೋ ತೂಕವನ್ನೇ ಲೀಟರ್ ಎಂದು ಬರೆದು ಲೀಟರ್ ದರ ಕೊಟ್ಟರೆ ಆ ನಷ್ಟ ಸಂಘಕ್ಕೆ, ಕೊನೆಗೆ ಬೋನಸ್ ಪಡೆಯುವ ಎಲ್ಲ ಸದಸ್ಯರಿಗೆ. ಚೀಟಿಯಲ್ಲಿ ಪ್ರಮಾಣದ ಪಕ್ಕ ಯಾವ ಅಳತೆ ಬರೆದಿದೆ, ದರ ಯಾವ ಅಳತೆಗೆ ಎಂದು ಒಮ್ಮೆ ನೋಡಿ.

ನೊರೆ ಮತ್ತು ಬಿಸಿ ಗಾತ್ರವನ್ನು ಹಿಗ್ಗಿಸುತ್ತವೆ, ತೂಕವನ್ನು ಬದಲಿಸುವುದಿಲ್ಲ. ಆದ್ದರಿಂದ ಅಳೆಯುವುದಕ್ಕಿಂತ ತೂಗುವುದೇ ಇಬ್ಬರಿಗೂ ನ್ಯಾಯ.

ಮನೆಯಲ್ಲೇ ಸಾಂದ್ರತೆ ಅಳೆದು ನೋಡಿ

ಒಂದು ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಒಂದು ಲೀಟರಿನ ಬಾಟಲಿ ಇದ್ದರೆ ಸಾಕು. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಿ, ಸಂತೋಷದಿಂದ ಮಾಡುತ್ತಾರೆ.

ಒಣಗಿದ ಖಾಲಿ ಬಾಟಲಿ ತೂಗಿ: 48 ಗ್ರಾಂ ಎನ್ನೋಣ.
ಬಾಯಿ ಮಟ್ಟಕ್ಕೆ ನೀರು ತುಂಬಿ, ಹೊರಗೆ ಒರೆಸಿ ತೂಗಿ: 1,068 ಗ್ರಾಂ. ನೀರಿನ ತೂಕ 1,020.
ನೀರು ಚೆಲ್ಲಿ, ಒಣಗಿಸಿ, ಅದೇ ಮಟ್ಟಕ್ಕೆ ಆರಿದ ಹಾಲು ತುಂಬಿ ತೂಗಿ: 1,098 ಗ್ರಾಂ. ಹಾಲಿನ ತೂಕ 1,050.
1,050 ÷ 1,020 = 1.0294. ಅಂದರೆ ಲ್ಯಾಕ್ಟೋಮೀಟರ್ ಲೆಕ್ಕದಲ್ಲಿ 29.4.

ನೀರು ಮತ್ತು ಹಾಲು ಎರಡೂ ಒಂದೇ ತಾಪಮಾನದಲ್ಲಿ, 27 ಡಿಗ್ರಿಯ ಆಸುಪಾಸಿನಲ್ಲಿ ಇರಲಿ. ತುಂಬುವ ಮಟ್ಟ ಕೂದಲೆಳೆಯಷ್ಟೂ ಬದಲಾಗಬಾರದು. ಎಷ್ಟು ಜಾಗ್ರತೆ ವಹಿಸಿದರೂ ಒಂದೆರಡು ಗೆರೆ ಹೆಚ್ಚುಕಡಿಮೆ ಆಗಬಹುದು, ಹಾಗಾಗಿ ಇದನ್ನು ಹಿಡಿದು ಸಂಘದಲ್ಲಿ ವಾದಕ್ಕೆ ನಿಲ್ಲುವುದು ಬೇಡ. ಆದರೆ ವಾರಕ್ಕೊಮ್ಮೆ ಪ್ರತಿ ರಾಸಿನ ಹಾಲನ್ನು ಪ್ರತ್ಯೇಕವಾಗಿ ಹೀಗೆ ನೋಡಿದರೆ ಯಾವ ಹಸುವಿನ ಹಾಲು ಇಳಿಯುತ್ತಿದೆ ಎಂಬ ಸುಳಿವು ಸಿಗುತ್ತದೆ. ಮನೆಯಲ್ಲಿ ಲ್ಯಾಕ್ಟೋಮೀಟರ್ ಇದ್ದು, ಅದರಲ್ಲಿ 0 ಗುರುತು ಇದ್ದರೆ 27 ಡಿಗ್ರಿಯ ಶುದ್ಧ ನೀರಿನಲ್ಲಿ ಇಟ್ಟು ನೋಡಿ. 0 ತೋರಿಸದಿದ್ದರೆ ಆ ಉಪಕರಣವನ್ನು ನಂಬಬೇಡಿ.

ನೀರು ಹಾಕದಿದ್ದರೂ ಎಸ್‌ಎನ್‌ಎಫ್ ಇಳಿಯುವುದೇಕೆ?

ಹಸು ಹೆಚ್ಚು ನೀರು ಕುಡಿದರೆ ಹಾಲು ನೀರಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಅದು ತಪ್ಪು. ಕೆಚ್ಚಲಿನಲ್ಲಿ ತಯಾರಾಗುವ ಲ್ಯಾಕ್ಟೋಸ್ ಎಷ್ಟೋ ಅದಕ್ಕೆ ತಕ್ಕಷ್ಟೇ ನೀರು ಹಾಲಿಗೆ ಸೇರುತ್ತದೆ. ನೀರು ಕಡಿಮೆ ಕೊಟ್ಟರೆ ಹಾಲು ಇಳಿಯುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ರಾಸಿನ ಮುಂದೆ ಸದಾ ಶುದ್ಧ ನೀರು ಇರಲಿ.

ನಿಜವಾದ ಕಾರಣಗಳು ಬೇರೆ. ಶಕ್ತಿ ಕೊಡುವ ಆಹಾರ ಸಾಲದಿದ್ದರೆ ಹಾಲಿನ ಪ್ರೋಟೀನ್ ಇಳಿಯುತ್ತದೆ. ಮಳೆಗಾಲದಲ್ಲಿ ಎಳೆಯ ಹಸಿ ಹುಲ್ಲನ್ನೇ ಹೊಟ್ಟೆ ತುಂಬ ಹಾಕಿ ಒಣ ಮೇವು, ಪಶು ಆಹಾರ ಕಡಿಮೆ ಮಾಡಿದಾಗ ಆಗುವುದು ಇದೇ. ಬೇಸಿಗೆಯ ಬಿಸಿಲಿಗೆ ಹಸು ಮೇವು ತಿನ್ನುವುದೇ ಕಡಿಮೆಯಾಗುತ್ತದೆ. ಕರು ಹಾಕಿದ ಒಂದೂವರೆ ಎರಡು ತಿಂಗಳಿಗೆ ಹಾಲು ಗರಿಷ್ಠಕ್ಕೆ ಏರಿದಾಗ ಅಂಶಗಳು ಸಹಜವಾಗಿ ತುಸು ಇಳಿಯುತ್ತವೆ. ಎಚ್‌ಎಫ್ ಮಿಶ್ರತಳಿಯಲ್ಲಿ ಜೆರ್ಸಿಗಿಂತ ಅಂಶ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣಿಗೆ ಕಾಣದ ಕೆಚ್ಚಲು ಬಾವು. ಬಾವು ಬಂದಾಗ ಲ್ಯಾಕ್ಟೋಸ್ ಇಳಿದು ಎಸ್‌ಎನ್‌ಎಫ್ ಬೀಳುತ್ತದೆ. ಒಂದು ರಾಸಿನ ಅಂಕಿ ಇದ್ದಕ್ಕಿದ್ದಂತೆ ಇಳಿದರೆ ಮೊದಲು ಕೆಚ್ಚಲು ಪರೀಕ್ಷೆ ಮಾಡಿಸಿ.

ಆಹಾರದ ಸಾಮಾನ್ಯ ಶಿಫಾರಸು ಹೀಗಿದೆ: ಶರೀರ ಪೋಷಣೆಗೆ ಸುಮಾರು 2 ಕಿಲೋ ಪಶು ಆಹಾರ, ಅದರ ಮೇಲೆ ಹಸುವಿಗೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ, ಎಮ್ಮೆಗೆ 500 ಗ್ರಾಂ. 10 ಲೀಟರ್ ಕರೆಯುವ ಹಸುವಿಗೆ 2 + 4 = 6 ಕಿಲೋ. ಜೊತೆಗೆ ಹಸಿ ಮೇವು, ಒಣ ಮೇವು ಎರಡೂ, ಮತ್ತು ಪಶುವೈದ್ಯರು ಹೇಳಿದಷ್ಟು ಖನಿಜ ಮಿಶ್ರಣ.

ಅನುಮಾನ ಬಂದರೆ ಏನು ಮಾಡಬೇಕು?

ಸಾಂದ್ರತೆ ಕಡಿಮೆ ಎಂಬುದು ಒಂದು ಸುಳಿವು ಮಾತ್ರ, ಅದು ನೀರು ಬೆರೆಸಿದ್ದಕ್ಕೆ ಸಾಕ್ಷಿ ಆಗುವುದಿಲ್ಲ. ಆದ್ದರಿಂದ ಪರೀಕ್ಷಕರೂ ಉತ್ಪಾದಕರೂ ಕೋಪ ಮಾಡಿಕೊಳ್ಳದೆ ಕ್ರಮವಾಗಿ ನೋಡಬೇಕು.

1. ಹಾಲಿನ ತಾಪಮಾನ ನೋಡಿ ತಿದ್ದುಪಡಿ ಮಾಡಲಾಗಿದೆಯೇ?
2. ಹಾಲನ್ನು ಕಲಕಿ, ನೊರೆ ಇಳಿದ ಮೇಲೆ ಮಾದರಿ ತೆಗೆಯಲಾಗಿದೆಯೇ?
3. ಲ್ಯಾಕ್ಟೋಮೀಟರ್ ಜಾಡಿಯ ಗೋಡೆಗೆ ತಾಗದೆ ತೇಲುತ್ತಿತ್ತೇ? ಕಣ್ಣಿನ ಮಟ್ಟದಲ್ಲಿ ಓದಿದ್ದೀರಾ?
4. ಯಂತ್ರವಾದರೆ ಇವತ್ತು ತೊಳೆದಿದ್ದಾರೆಯೇ? ಹಸು, ಎಮ್ಮೆ ಹಾಲಿಗೆ ಬೇರೆ ಬೇರೆ ಆಯ್ಕೆ ಇದ್ದರೆ ಸರಿಯಾದುದನ್ನು ಒತ್ತಲಾಗಿದೆಯೇ?
5. ಇಷ್ಟಾದ ಮೇಲೂ ಕಡಿಮೆ ಬಂದರೆ ಕೊಟ್ಟಿಗೆಯಲ್ಲೇ, ಸಂಘದವರ ಎದುರಿಗೆ, ಕೆಚ್ಚಲು ಪೂರ್ತಿ ಖಾಲಿಯಾಗುವ ಹಾಗೆ ಕರೆದು ಮಾದರಿ ಕೊಡಿ. ಮೊದಲ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು, ಹಾಗಾಗಿ ಪೂರ್ತಿ ಕರೆಯುವುದು ಅಗತ್ಯ. ಆ ಮಾದರಿಯಲ್ಲೂ ಅಂಕಿ ಕಡಿಮೆಯೇ ಬಂದರೆ ತೊಂದರೆ ರಾಸಿನದು, ಮಾಲೀಕರದಲ್ಲ.
6. ಅಗತ್ಯ ಬಿದ್ದರೆ ಡೇರಿ ಪ್ರಯೋಗಾಲಯದಲ್ಲಿ ಘನೀಕರಣ ಬಿಂದು ಪರೀಕ್ಷೆ ಕೇಳಿ. ನೀರು 0 ಡಿಗ್ರಿಗೆ ಹೆಪ್ಪುಗಟ್ಟಿದರೆ ಹಾಲು ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ, ಮೈನಸ್ 0.54ರ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮೇವಿನ ಕೊರತೆಯಿಂದ ಎಸ್‌ಎನ್‌ಎಫ್ ಇಳಿದರೂ ಈ ಅಂಕಿ ಹೆಚ್ಚು ಅಲುಗಾಡುವುದಿಲ್ಲ. ನೀರು ಬೆರೆಸಿದರೆ ಮಾತ್ರ ಸೊನ್ನೆಯ ಕಡೆಗೆ ಸರಿಯುತ್ತದೆ.

ಸಂಘದ ಕಾರ್ಯದರ್ಶಿಗಳಿಗೆ ಮತ್ತು ಪರೀಕ್ಷಕರಿಗೆ ಒಂದು ವಿನಂತಿ. ಕೌಂಟರಿನ ಪಕ್ಕದ ಗೋಡೆಯ ಮೇಲೆ ನಿಮ್ಮಲ್ಲಿ ಬಳಸುವ ಎಸ್‌ಎನ್‌ಎಫ್ ಸೂತ್ರ, ತಾಪಮಾನದ ತಿದ್ದುಪಡಿ ಪಟ್ಟಿ, ಕಿಲೋ ಮತ್ತು ಲೀಟರ್ ಲೆಕ್ಕ, ಈ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಸದಸ್ಯರು ಕೇಳಿದಾಗ ಅವರ ಎದುರೇ ಒಮ್ಮೆ ಲೆಕ್ಕ ಹಾಕಿ ತೋರಿಸಿ. ಉತ್ಪಾದಕ ಬಂಧುಗಳೇ, ನೀವೂ ಈ ವಾರದ ಒಂದು ಚೀಟಿ ತೆಗೆದು, ಅದರಲ್ಲಿರುವ ಸಿಎಲ್‌ಆರ್ ಮತ್ತು ಜಿಡ್ಡಿನಿಂದ ಎಸ್‌ಎನ್‌ಎಫ್ ತಾಳೆ ನೋಡಿ. ತಾಳೆಯಾದರೆ ನೆಮ್ಮದಿ. ಆಗದಿದ್ದರೆ ಚೀಟಿ ಹಿಡಿದು ಸಂಘದಲ್ಲಿ ಸಮಾಧಾನವಾಗಿ ಕೇಳಿ. ಲೆಕ್ಕ ಗೊತ್ತಿರುವವರ ಪ್ರಶ್ನೆಗೆ ಉತ್ತರ ಸಿಕ್ಕೇ ಸಿಗುತ್ತದೆ.